ಬ್ಯಾಕಪ್ ತಾನಾಗಿಯೇ ಆಗಲಿ, ಆಗದಿದ್ದರೆ ನಿಮಗೆ ಗೊತ್ತಾಗಲಿ

ಪ್ರಶ್ನೆ: ನನ್ನ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಫೋಟೋ, ಕೆಲಸದ ಫೈಲ್, ಹಳೆಯ ಮೇಲ್ ಎಲ್ಲ ಸೇರಿ ಸುಮಾರು 500 ಜಿಬಿ ಇದೆ. ಮನೆಯಲ್ಲಿ ಎರಡು ಡಿಸ್ಕ್‌ನ ನ್ಯಾಸ್ (ಮನೆಯ ನೆಟ್‌ವರ್ಕ್‌ಗೆ ಜೋಡಿಸಿ ಫೈಲ್ ಇಡುವ ಪೆಟ್ಟಿಗೆ) ಇಟ್ಟಿದ್ದೇನೆ. ವಾರಕ್ಕೊಮ್ಮೆ ಎಲ್ಲವನ್ನೂ ಕೈಯಾರೆ ಕಾಪಿ ಮಾಡುತ್ತೇನೆ. ಅರ್ಧ ದಿನ ಅದರಲ್ಲೇ ಹೋಗುತ್ತದೆ. ಹೋದ ತಿಂಗಳು ಒಂದು ಲೆಕ್ಕದ ಫೈಲ್ ಹಾಳಾಗಿತ್ತು. ಗೊತ್ತಾಗದೆ ಅದನ್ನೇ ನ್ಯಾಸ್‌ನಲ್ಲಿದ್ದ ಒಳ್ಳೆಯ ಪ್ರತಿಯ ಮೇಲೆ ಕಾಪಿ ಮಾಡಿಬಿಟ್ಟೆ. ಬದಲಾದದ್ದು ಮಾತ್ರ ತಾನಾಗಿಯೇ ನ್ಯಾಸ್‌ಗೆ ಹೋಗಬೇಕು, ಹಳೆಯದೂ ಉಳಿಯಬೇಕು. ಹೇಗೆ ಮಾಡುವುದು?

ಉತ್ತರ: ನೀವು ಕೇಳಿದ್ದರಲ್ಲಿ ಎರಡು ಬೇಡಿಕೆ ಇವೆ. ಬದಲಾದದ್ದು ಮಾತ್ರ ಹೋಗಬೇಕು ಅನ್ನುವುದು ಒಂದು. ಹಳೆಯದು ಉಳಿಯಬೇಕು ಅನ್ನುವುದು ಇನ್ನೊಂದು. ಇವೆರಡೂ ಒಂದೇ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಮೊದಲನೆಯದು ಮಾತ್ರ ಸಿಕ್ಕರೆ ನಿಮ್ಮ ಸಮಯ ಉಳಿಯುತ್ತದೆ, ಆದರೆ ಆ ಲೆಕ್ಕದ ಫೈಲ್ ಮತ್ತೆ ಕಳೆದುಹೋಗುತ್ತದೆ.

ವಿಂಡೋಸ್ ಜೊತೆಗೇ ಬರುವ, ಫೈಲ್ ಕಾಪಿ ಮಾಡುವ ಸಾಫ್ಟ್‌ವೇರ್ ರೋಬೋಕಾಪಿಯನ್ನೇ ನೋಡಿ. ವಿಸ್ಟಾ ಕಾಲದಿಂದ ಅದು ಒಳಗೇ ಇದೆ. ಮಿರರ್ ಆಯ್ಕೆ ಕೊಟ್ಟು ಓಡಿಸಿದರೆ ಬದಲಾದ ಫೈಲ್ ಮಾತ್ರ ಹೋಗುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಆದರೆ ಹೆಸರಿಗೆ ತಕ್ಕಂತೆ ಅದು ಕನ್ನಡಿ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಇಲ್ಲಿ ಹಾಳಾದದ್ದು ಅದೇ ರಾತ್ರಿ ಅಲ್ಲೂ ಹಾಳಾಗುತ್ತದೆ. ಕೈಯಾರೆ ಮಾಡುವಾಗ ತಪ್ಪು ಗೊತ್ತಾಗಲು ಒಂದು ವಾರವಾದರೂ ಇತ್ತು. ಕನ್ನಡಿಯನ್ನು ಪ್ರತಿ ರಾತ್ರಿಗೆ ಹಚ್ಚಿದರೆ ಅದೂ ಹೋಗುತ್ತದೆ.

ಹಾಗಾಗಿ ಪ್ರತಿ ದಿನದ ಸ್ಥಿತಿ ಬೇರೆ ಬೇರೆಯಾಗಿ ಉಳಿಯುವ ವ್ಯವಸ್ಥೆ ಬೇಕು. ಮಂಗಳವಾರ ಹೇಗಿತ್ತು, ಬುಧವಾರ ಹೇಗಿತ್ತು ಅಂತ ತೆರೆದು ನೋಡುವಂತಿರಬೇಕು. ದಿನಾ 500 ಜಿಬಿ ಹೊಸದಾಗಿ ತುಂಬಿದರೆ ಯಾವ ನ್ಯಾಸೂ ಸಾಲದು, ಅಲ್ವಾ? ಇದಕ್ಕೆ ಹಳೆಯ ಒಂದು ಉಪಾಯ ಇದೆ. ಅದು ಅರ್ಥವಾದರೆ ಉಳಿದದ್ದೆಲ್ಲ ಸುಲಭ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

1996ರಲ್ಲಿ ಆಸ್ಟ್ರೇಲಿಯಾದಲ್ಲಿ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ ಆರ್‌ಸಿಂಕ್ ಅನ್ನುವ ಸಾಫ್ಟ್‌ವೇರ್ ಬರೆದರು. ಲಿನಕ್ಸ್ ಜಗತ್ತಿನಲ್ಲಿ ಇವತ್ತಿಗೂ ಬ್ಯಾಕಪ್ ಅಂದರೆ ಮೊದಲು ಬಾಯಿಗೆ ಬರುವ ಹೆಸರು ಅದು. ಅದು ಪ್ರತಿ ಫೈಲನ್ನೂ ತೆರೆದು ಓದಲು ಹೋಗುವುದಿಲ್ಲ. ಫೈಲಿನ ಗಾತ್ರ ಮತ್ತು ಕೊನೆಯ ಬದಲಾವಣೆಯ ಸಮಯ ನೋಡುತ್ತದೆ. ಎರಡೂ ಹಿಂದಿನಂತೆಯೇ ಇದ್ದರೆ ಮುಂದಕ್ಕೆ ಹೋಗುತ್ತದೆ. ಲಕ್ಷ ಫೈಲ್ ಇದ್ದರೂ ಬೇಗ ಮುಗಿಯುವುದು ಇದರಿಂದಲೇ.

ಹಳೆಯದನ್ನು ಉಳಿಸಲು ಅದು ಹಾರ್ಡ್ ಲಿಂಕ್ ಬಳಸಬಲ್ಲದು. ಫೈಲಿನ ಹೆಸರು ಅಂದರೆ ಡಿಸ್ಕ್ ಮೇಲಿನ ಡೇಟಾಕ್ಕೆ ಅಂಟಿಸಿದ ಒಂದು ಚೀಟಿ. ಒಂದೇ ಡೇಟಾಕ್ಕೆ ಎರಡು ಮೂರು ಚೀಟಿ ಅಂಟಿಸಬಹುದು. ಸೋಮವಾರದ ಫೋಲ್ಡರ್‌ನಲ್ಲಿ 500 ಜಿಬಿ ಇದೆ ಅಂದುಕೊಳ್ಳಿ. ಮಂಗಳವಾರ ನೀವು 300 ಎಂಬಿಯಷ್ಟು ಮಾತ್ರ ಬದಲಿಸಿದ್ದೀರಿ. ಆಗ ಮಂಗಳವಾರದ ಫೋಲ್ಡರ್‌ಗೆ ಹೊಸ 300 ಎಂಬಿ ಬರುತ್ತದೆ, ಉಳಿದದ್ದಕ್ಕೆಲ್ಲ ಸೋಮವಾರದ ಡೇಟಾದ ಮೇಲೇ ಇನ್ನೊಂದು ಚೀಟಿ ಬೀಳುತ್ತದೆ. ತೆರೆದು ನೋಡಿದರೆ ಎರಡೂ ಪೂರ್ತಿ ಫೋಲ್ಡರ್. ಜಾಗ ಹೋಗಿರುವುದು ಒಂದಕ್ಕೆ ಮತ್ತು ಚೂರು ಜಾಸ್ತಿ. ಮುಂದೆ ಸೋಮವಾರದ್ದನ್ನು ಅಳಿಸಿದರೂ ಮಂಗಳವಾರದ್ದಕ್ಕೆ ಏನೂ ಆಗುವುದಿಲ್ಲ. ಕೊನೆಯ ಚೀಟಿ ಕಿತ್ತಾಗ ಮಾತ್ರ ಡೇಟಾ ಹೋಗುತ್ತದೆ.

ಎಷ್ಟು ಸರಳ ನೋಡಿ. ನನಗೆ ಇವತ್ತಿಗೂ ಇದು ಇಷ್ಟ. ಆದರೂ ನಿಮಗೆ ಇದನ್ನು ಹೇಳುತ್ತಿಲ್ಲ. ಒಂದನೆಯದು, ಆರ್‌ಸಿಂಕ್ ವಿಂಡೋಸ್ ಜೊತೆ ಬರುವುದಿಲ್ಲ. ಎರಡನೆಯದು, ನಿಮ್ಮಲ್ಲಿ ಹಳೆಯ ಮೇಲ್ ಇದೆ ಅಂದಿರಿ. ಅದು ಒಂದೇ ದೊಡ್ಡ ಫೈಲ್ ಆಗಿದ್ದರೆ, ಒಂದು ಹೊಸ ಪತ್ರ ಬಂದರೂ ಈ ಉಪಾಯಕ್ಕೆ ಅದು ಪೂರ್ತಿ ಹೊಸ ಫೈಲ್. 20 ಜಿಬಿ ಫೈಲ್ ಆದರೆ ದಿನಾ 20 ಜಿಬಿ ಹೋಗುತ್ತದೆ. ಫೋಟೋ ಫೋಲ್ಡರ್‌ನ ಹೆಸರು ಬದಲಿಸಿದರೂ ಅಷ್ಟೇ, ಎಲ್ಲ ಫೋಟೋ ಮತ್ತೆ ಮೊದಲಿಂದ.

ನಿಮಗೆ ನನ್ನ ಸಲಹೆ ರೆಸ್ಟಿಕ್. ಉಚಿತ, ಒಂದೇ ಫೈಲಿನ ಸಾಫ್ಟ್‌ವೇರ್, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಆದೇಶ ಟೈಪ್ ಮಾಡಿ ಓಡಿಸಬೇಕು. ಅದು ಬೇಡ, ಕಿಟಕಿ ಮತ್ತು ಬಟನ್ ಬೇಕು ಅಂದರೆ ಕೋಪಿಯಾ ನೋಡಿ, ಒಳಗಿನ ಉಪಾಯ ಹೆಚ್ಚುಕಡಿಮೆ ಅದೇ. (ಮ್ಯಾಕ್ ಇದ್ದವರಿಗೆ ಟೈಮ್ ಮಷೀನ್ ಸಾಕು. ಈ ಕೆಲಸವನ್ನು ಅದು ತಾನೇ ಮಾಡಿಕೊಳ್ಳುತ್ತದೆ.)

ರೆಸ್ಟಿಕ್ ಫೈಲನ್ನು ಸರಾಸರಿ 1 ಎಂಬಿ ಆಸುಪಾಸಿನ ತುಂಡುಗಳಾಗಿ ಕತ್ತರಿಸುತ್ತದೆ. ಎಲ್ಲಿ ಕತ್ತರಿಸಬೇಕು ಅನ್ನುವುದನ್ನು ಫೈಲಿನ ಒಳಗಿನ ಡೇಟಾವೇ ತೀರ್ಮಾನಿಸುತ್ತದೆ. ಹಾಗಾಗಿ ಫೈಲಿನ ಆರಂಭದಲ್ಲಿ ನಾಲ್ಕು ಅಕ್ಷರ ಸೇರಿಸಿದರೂ ಮುಂದಿನ ತುಂಡುಗಳು ಜರುಗುವುದಿಲ್ಲ. ಪ್ರತಿ ತುಂಡಿಗೂ ಅದರ ಡೇಟಾದಿಂದಲೇ ಲೆಕ್ಕ ಹಾಕಿದ ಗುರುತು ಇರುತ್ತದೆ. ಅದೇ ಗುರುತಿನ ತುಂಡು ನ್ಯಾಸ್‌ನಲ್ಲಿ ಈಗಾಗಲೇ ಇದ್ದರೆ ಮತ್ತೆ ಕಳಿಸುವುದಿಲ್ಲ. ಫೋಲ್ಡರ್ ಹೆಸರು ಬದಲಿಸಿದರೆ ಹೋಗುವುದು ಹೊಸ ಹೆಸರಿನ ಪಟ್ಟಿ ಮಾತ್ರ. ದೊಡ್ಡ ಮೇಲ್ ಫೈಲಿನಲ್ಲಿ ಬದಲಾದ ಜಾಗದ ತುಂಡುಗಳು ಮಾತ್ರ ಹೋಗುತ್ತವೆ. ಫೈಲನ್ನು ಪೂರ್ತಿ ಓದಬೇಕಾಗುತ್ತದೆ ನಿಜ, ಆದರೆ ಅದು ಲ್ಯಾಪ್‌ಟಾಪ್ ಒಳಗಿನ ಕೆಲಸ, ನೆಟ್‌ವರ್ಕ್‌ಗೆ ಹೊರೆ ಇಲ್ಲ.

ಶುರು ಮಾಡುವ ಮೊದಲು ಪಾಸ್‌ವರ್ಡ್ ಬಗ್ಗೆ ಒಂದು ಮಾತು. ರೆಸ್ಟಿಕ್ ಎಲ್ಲವನ್ನೂ ಬೀಗ ಹಾಕಿಯೇ ಇಡುತ್ತದೆ. ಆ ಪಾಸ್‌ವರ್ಡ್ ಕಳೆದರೆ ಡೇಟಾ ಹೋದಂತೆಯೇ, ಯಾರಿಂದಲೂ ತೆಗೆಯಲಾಗದು. ಅದನ್ನು ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಬರೆದಿಟ್ಟರೆ, ಲ್ಯಾಪ್‌ಟಾಪ್ ಕೆಟ್ಟ ದಿನ ಪಾಸ್‌ವರ್ಡೂ ಹೋಗಿರುತ್ತದೆ. ಕಾಗದದ ಮೇಲೆ ಬರೆದು ಮುಖ್ಯ ಕಾಗದಪತ್ರಗಳ ಜೊತೆ ಇಡಿ. ಇದನ್ನು ಇವತ್ತೇ ಮಾಡಿ.

ಮೊದಲ ಸಲದ ಬ್ಯಾಕಪ್ ಅನ್ನು ಕೇಬಲ್ ಹಾಕಿ ಮಾಡಿ. ನಿಮ್ಮ ಅರ್ಧ ದಿನ ಹೋಗುತ್ತಿದ್ದುದು ಬಹುಶಃ ವೈಫೈನಿಂದ. ಗಿಗಾಬಿಟ್ ಕೇಬಲ್‌ನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಸಿಗುತ್ತದೆ. 500 ಜಿಬಿಗೆ ಒಂದೂಕಾಲು ಗಂಟೆ ಆಯಿತು. ವೈಫೈನಲ್ಲಿ ಸೆಕೆಂಡಿಗೆ 30 ಎಂಬಿ ಸಿಕ್ಕರೆ ಅದೇ ಕೆಲಸಕ್ಕೆ ನಾಲ್ಕೂವರೆ ಗಂಟೆ ಮೀರುತ್ತದೆ. ಸಣ್ಣ ಸಣ್ಣ ಫೈಲ್ ಜಾಸ್ತಿ ಇದ್ದರೆ ಎರಡರಲ್ಲೂ ಇನ್ನೂ ನಿಧಾನ. ಎರಡನೇ ಸಲದಿಂದ ವೈಫೈ ಸಾಕು, ಕೆಲವೇ ನಿಮಿಷದ ಕೆಲಸ.

ತಾತ್ಕಾಲಿಕ ಫೈಲ್, ಬ್ರೌಸರ್ ಕ್ಯಾಶ್, ರೀಸೈಕಲ್ ಬಿನ್ ಇವನ್ನೆಲ್ಲ ಬಿಟ್ಟುಬಿಡಲು ಒಂದು ಪಟ್ಟಿ ಕೊಡಿ. ಮೇಲ್ ಸಾಫ್ಟ್‌ವೇರ್ ತೆರೆದೇ ಇದ್ದರೆ ಅದರ ಫೈಲ್ ಅರೆಬರೆ ಸ್ಥಿತಿಯಲ್ಲಿ ಕಾಪಿ ಆಗಬಹುದು, ಅಥವಾ ಓದಲೇ ಸಿಗದಿರಬಹುದು. ವಿಂಡೋಸ್‌ನಲ್ಲಿ ಒಂದು ಕ್ಷಣದ ಚಿತ್ರ ತೆಗೆದು ಅದರಿಂದ ಓದುವ ಆಯ್ಕೆ ರೆಸ್ಟಿಕ್‌ಗೆ ಇದೆ. ಅದನ್ನು ಹಾಕಿ. ಅದಕ್ಕೆ ಅಡ್ಮಿನ್ ಅನುಮತಿ ಬೇಕಾಗುತ್ತದೆ.

ಇನ್ನು ಟಾಸ್ಕ್ ಶೆಡ್ಯೂಲರ್, ಅಂದರೆ ಹೇಳಿದ ಹೊತ್ತಿಗೆ ಕೆಲಸ ಶುರು ಮಾಡುವ ವಿಂಡೋಸ್‌ನ ಸೌಲಭ್ಯ. ಇಲ್ಲಿ ಜನ ಎಡವುವ ಜಾಗ ಯಾವಾಗಲೂ ಅವೇ. ನ್ಯಾಸ್ ಫೋಲ್ಡರ್‌ಗೆ ನೀವು ಡ್ರೈವ್ ಅಕ್ಷರ ಕೊಟ್ಟಿರುತ್ತೀರಿ. ನೀವು ಲಾಗಿನ್ ಆಗಿ ಓಡಿಸಿದಾಗ ಎಲ್ಲ ಸರಿ ಇರುತ್ತದೆ. ಲಾಗಿನ್ ಆಗದಿದ್ದರೂ ಓಡಲಿ ಅಂತ ಟಿಕ್ ಮಾಡಿದ ಕೂಡಲೇ ವಿಫಲವಾಗುತ್ತದೆ, ಏಕೆಂದರೆ ಆ ಡ್ರೈವ್ ಅಕ್ಷರ ನಿಮ್ಮ ಲಾಗಿನ್‌ಗೆ ಮಾತ್ರ ಸೇರಿದ್ದು. ಅಕ್ಷರ ಬಿಟ್ಟು ನ್ಯಾಸ್‌ನ ಹೆಸರಿನಿಂದ ಶುರುವಾಗುವ ಪೂರ್ತಿ ವಿಳಾಸ ಕೊಡಿ. ಎರಡನೆಯದು, ಲ್ಯಾಪ್‌ಟಾಪ್ ಚಾರ್ಜರ್‌ಗೆ ಹಾಕಿದ್ದರೆ ಮಾತ್ರ ಶುರು ಮಾಡು ಅನ್ನುವ ಆಯ್ಕೆ ಮೊದಲೇ ಟಿಕ್ ಆಗಿರುತ್ತದೆ. ಬ್ಯಾಟರಿ ಮೇಲೇ ಕೆಲಸ ಮಾಡುವವರಿಗೆ ಬ್ಯಾಕಪ್ ತಿಂಗಳುಗಟ್ಟಲೆ ಆಗದೇ ಇರಬಹುದು. ಮೂರನೆಯದು, ರಾತ್ರಿ 2 ಗಂಟೆಗೆ ಇಟ್ಟಿರುತ್ತೀರಿ, ಲ್ಯಾಪ್‌ಟಾಪ್ ಮಡಚಿ ಮಲಗಿರುತ್ತದೆ. ಸಮಯ ತಪ್ಪಿದರೆ ಆದಷ್ಟು ಬೇಗ ಓಡಿಸು ಅನ್ನುವ ಆಯ್ಕೆಗೆ ಟಿಕ್ ಹಾಕಿ. ನಾನಂತೂ ಲ್ಯಾಪ್‌ಟಾಪ್ ಬಳಕೆಯಲ್ಲಿರುವ ಮಧ್ಯಾಹ್ನದ ಹೊತ್ತನ್ನೇ ಇಡುತ್ತೇನೆ.

ಇಷ್ಟಾದರೆ ಬ್ಯಾಕಪ್ ತಾನಾಗಿಯೇ ಆಗುತ್ತದೆ. ನಿಜ ಹೇಳಬೇಕೆಂದರೆ ನನ್ನ ಆತಂಕ ಶುರುವಾಗುವುದು ಇಲ್ಲಿಂದ. ಕೈಯಾರೆ ಕಾಪಿ ಮಾಡುವಾಗ ತಪ್ಪಾದರೆ ಕಣ್ಣೆದುರೇ ಕಾಣುತ್ತದೆ. ತಾನಾಗಿಯೇ ಆಗುವ ಕೆಲಸ ನಿಂತುಹೋದರೆ ಒಂದು ಸದ್ದೂ ಬರುವುದಿಲ್ಲ.

ನನ್ನದೇ ಅನುಭವ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನನ್ನ ಲಿನಕ್ಸ್ ಕಂಪ್ಯೂಟರ್‌ನಲ್ಲಿ ಆರ್‌ಸಿಂಕ್ ರಾತ್ರಿ ರಾತ್ರಿ ಓಡುತ್ತಿತ್ತು. ಒಂದು ದಿನ ಕರೆಂಟ್ ಹೋಗಿ ನ್ಯಾಸ್ ಮತ್ತೆ ಶುರುವಾಯಿತು. ಆದರೆ ಕಂಪ್ಯೂಟರ್‌ಗೂ ಅದಕ್ಕೂ ಇದ್ದ ಕೊಂಡಿ ತಪ್ಪಿತ್ತು. ನ್ಯಾಸ್ ಕಾಣಿಸಬೇಕಿದ್ದ ಜಾಗದಲ್ಲಿ ಅದೇ ಹೆಸರಿನ ಖಾಲಿ ಫೋಲ್ಡರ್ ಮಾತ್ರ ಉಳಿದಿತ್ತು. ಆರ್‌ಸಿಂಕ್‌ಗೆ ಅದು ಹೇಗೆ ಗೊತ್ತಾಗಬೇಕು? ಮೂರು ವಾರ ನನ್ನ ಫೈಲ್‌ಗಳನ್ನು ನನ್ನದೇ ಡಿಸ್ಕ್‌ನ ಆ ಫೋಲ್ಡರ್‌ಗೆ ಕಾಪಿ ಮಾಡುತ್ತಾ ಹೋಯಿತು. ಲಾಗ್‌ನಲ್ಲಿ ಪ್ರತಿ ರಾತ್ರಿ ಯಶಸ್ವಿ ಅಂತಲೇ ಇತ್ತು. ಡಿಸ್ಕ್ ತುಂಬಿ ಕಂಪ್ಯೂಟರ್ ತಡವರಿಸಿದಾಗಲೇ ನನಗೆ ಗೊತ್ತಾದದ್ದು. ಆ ಮೂರು ವಾರದಲ್ಲಿ ಡಿಸ್ಕ್ ಕೆಟ್ಟಿದ್ದರೆ ಅಸಲೂ ಪ್ರತಿಯೂ ಒಟ್ಟಿಗೇ ಹೋಗುತ್ತಿತ್ತು. ಅವತ್ತಿನಿಂದ ನ್ಯಾಸ್‌ನಲ್ಲಿ ಒಂದು ಗುರುತಿನ ಫೈಲ್ ಇಟ್ಟಿದ್ದೇನೆ. ಆ ಫೈಲ್ ಕಾಣದಿದ್ದರೆ ನನ್ನ ಸ್ಕ್ರಿಪ್ಟ್ (ಬ್ಯಾಕಪ್‌ನ ಆದೇಶಗಳನ್ನು ಸಾಲಾಗಿ ಬರೆದಿಟ್ಟ ಫೈಲ್) ಒಂದು ಹೆಜ್ಜೆಯೂ ಮುಂದಕ್ಕೆ ಹೋಗುವುದಿಲ್ಲ. ರೆಸ್ಟಿಕ್‌ನಲ್ಲಿ ಈ ತೊಂದರೆ ಇಲ್ಲ. ತನ್ನ ಸಂಗ್ರಹ ಆ ವಿಳಾಸದಲ್ಲಿ ಇಲ್ಲದಿದ್ದರೆ ಅದು ಬ್ಯಾಕಪ್ ಮಾಡದೆ ತಪ್ಪು ತೋರಿಸಿ ನಿಲ್ಲುತ್ತದೆ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2017ರ ಜನವರಿ 31ರಂದು, ಸಾಫ್ಟ್‌ವೇರ್ ಕೋಡ್ ಇಟ್ಟುಕೊಳ್ಳುವ ಸೇವೆ ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಫೋಲ್ಡರ್ ಅಳಿಸಿದರು. ಸುಮಾರು 300 ಜಿಬಿ ಹೋಯಿತು. ಬ್ಯಾಕಪ್ ಹುಡುಕಿದರೆ, ದಿನಾ ಆಗಬೇಕಿದ್ದ ಡೇಟಾಬೇಸ್ ಬ್ಯಾಕಪ್ ಆವೃತ್ತಿ ಹೊಂದದೆ ವಿಫಲವಾಗುತ್ತಿತ್ತು. ವಿಫಲವಾಯಿತು ಅಂತ ತಿಳಿಸುವ ಇಮೇಲ್ ಯಾರಿಗೂ ತಲುಪುತ್ತಿರಲಿಲ್ಲ, ಮೇಲ್ ಸರ್ವರ್ ಅದನ್ನು ತಿರಸ್ಕರಿಸುತ್ತಿತ್ತು. ಸುಮಾರು ಆರು ಗಂಟೆ ಮೊದಲು ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ (ಡೇಟಾ ಆ ಕ್ಷಣ ಹೇಗಿತ್ತೋ ಹಾಗೆ ತೆಗೆದ ಚಿತ್ರ) ಅವರ ಕೈಹಿಡಿಯಿತು. ಇದನ್ನೆಲ್ಲ ಅವರೇ ಮುಚ್ಚುಮರೆ ಇಲ್ಲದೆ ಬರೆದು ಹಂಚಿಕೊಂಡರು. ಆ ಪ್ರಾಮಾಣಿಕತೆಗೆ ನಾನು ಋಣಿ.

ಇದರಿಂದ ನಾನು ಕಲಿತ ಪಾಠ: ತಪ್ಪಾದಾಗ ಮೇಲ್ ಬರುವಂತೆ ಇಟ್ಟರೆ ಸಾಲದು. ಲ್ಯಾಪ್‌ಟಾಪ್ ಬ್ಯಾಕಪ್ ಶುರುವೇ ಮಾಡದಿದ್ದರೆ ಮೇಲ್ ಕಳಿಸುವವರು ಯಾರು? ಲೆಕ್ಕ ತಿರುಗಿಸಬೇಕು. ಬ್ಯಾಕಪ್ ಚೆನ್ನಾಗಿ ಮುಗಿದಾಗ ಮಾತ್ರ ಲ್ಯಾಪ್‌ಟಾಪ್ ಹೊರಗಿನ ಒಂದು ಸೇವೆಗೆ ಸದ್ದು ಕಳಿಸಬೇಕು. ಎರಡು ದಿನ ಆ ಸದ್ದು ಬಾರದಿದ್ದರೆ ಆ ಸೇವೆ ನಿಮ್ಮನ್ನು ಎಬ್ಬಿಸಬೇಕು. ಹೆಲ್ತ್‌ಚೆಕ್ಸ್ ಅನ್ನುವ ಸೇವೆ ಇರುವುದೇ ಇದಕ್ಕೆ. ಸ್ಕ್ರಿಪ್ಟ್‌ನ ಕೊನೆಗೆ ಒಂದು ಸಾಲು ಸೇರಿಸಿದರೆ ಆಯಿತು. ರೆಸ್ಟಿಕ್ ಎಲ್ಲ ಸರಿಯಾದರೆ 0 ಅಂತ ಮರಳಿಸುತ್ತದೆ, ಕೆಲವು ಫೈಲ್ ಓದಲಾಗದಿದ್ದರೆ 3 ಅಂತ. 0 ಬಂದರೆ ಮಾತ್ರ ಸದ್ದು ಹೋಗಲಿ.

(ರೋಬೋಕಾಪಿಯನ್ನೇ ಬಳಸುವವರಿಗೂ ಒಂದು ಮಾತು. ಅದು 1 ಅಂತ ಮರಳಿಸಿದರೆ ತಪ್ಪಲ್ಲ, ಫೈಲ್ ಕಾಪಿ ಆಯಿತು ಅಂತ ಅರ್ಥ. 8 ಅಥವಾ ಮೇಲಿದ್ದರೆ ತಪ್ಪು. ಇನ್ನೊಂದು: ಒಂದು ಫೈಲ್ ಸಿಗದಿದ್ದರೆ ಅದು ಸುಮ್ನೆ ಬಿಡುವುದಿಲ್ಲ. ನೀವು ಬೇರೆ ಹೇಳದಿದ್ದರೆ 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಪ್ರಯತ್ನಿಸುತ್ತದೆ. ಅಂದರೆ ಒಂದೇ ಫೈಲಿಗೆ 300 ದಿನ ದಾಟುತ್ತದೆ. ಎರಡು ಮೂರು ಪ್ರಯತ್ನ ಸಾಕು ಅಂತ ಸ್ಪಷ್ಟವಾಗಿ ಹೇಳಿ.)

ಈಗ ನ್ಯಾಸ್ ಕಡೆಗೆ. ಎರಡು ಡಿಸ್ಕ್ ಇದೆ, ಒಂದರ ಪ್ರತಿ ಇನ್ನೊಂದರಲ್ಲಿದೆ, ಹಾಗಾಗಿ ಬ್ಯಾಕಪ್ ಆಯಿತು ಅಂತ ಅಂದುಕೊಳ್ಳಬೇಡಿ. ರೇಡ್ ಅನ್ನುವ ಈ ಜೋಡಿ ಡಿಸ್ಕ್‌ನ ವ್ಯವಸ್ಥೆ ಕಾಯುವುದು ಡಿಸ್ಕ್ ಕೆಡುವುದರಿಂದ ಮಾತ್ರ. ಅಳಿಸಿದ್ದು ಎರಡರಲ್ಲೂ ಒಟ್ಟಿಗೇ ಅಳಿಯುತ್ತದೆ. ಅದಕ್ಕಿಂತ ದೊಡ್ಡ ಭಯ ರಾನ್ಸಮ್‌ವೇರ್, ಅಂದರೆ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್. 2014ರಲ್ಲಿ ಸೈನೋಲಾಕರ್ ಸೈನಾಲಜಿ ನ್ಯಾಸ್‌ಗಳನ್ನು ಹಿಡಿಯಿತು. 2021ರಲ್ಲಿ ಕ್ಯೂಲಾಕರ್, 2022ರಲ್ಲಿ ಡೆಡ್‌ಬೋಲ್ಟ್ ಕ್ಯೂನ್ಯಾಪ್ ನ್ಯಾಸ್‌ಗಳ ಮೇಲೆ ಬಿದ್ದವು. ಸಿಕ್ಕಿಬಿದ್ದವು ಇಂಟರ್‌ನೆಟ್‌ಗೆ ನೇರವಾಗಿ ತೆರೆದಿಟ್ಟಿದ್ದ ನ್ಯಾಸ್‌ಗಳು. ರೌಟರ್‌ನಲ್ಲಿ ನ್ಯಾಸ್‌ಗೆ ಪೋರ್ಟ್ (ಹೊರಗಿನಿಂದ ಒಳಬರುವ ಬಾಗಿಲು) ತೆರೆದಿದ್ದರೆ ಮುಚ್ಚಿ. ಹೊರಗಿನಿಂದ ಬೇಕೇ ಬೇಕು ಅಂದರೆ ವಿಪಿಎನ್ (ಮನೆಯ ನೆಟ್‌ವರ್ಕ್‌ಗೆ ಬರುವ ಬೀಗ ಹಾಕಿದ ದಾರಿ) ಮೂಲಕ ಬನ್ನಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಬಂತು?

ವೈರಸ್ ಲ್ಯಾಪ್‌ಟಾಪ್ ಕಡೆಯಿಂದಲೂ ಬರಬಹುದು. ಲ್ಯಾಪ್‌ಟಾಪ್ ಬರೆಯಬಲ್ಲ ಫೋಲ್ಡರನ್ನು ಅದರೊಳಗಿನ ವೈರಸ್ಸೂ ಅಳಿಸಬಲ್ಲದು. ಹಾಗಾಗಿ ನ್ಯಾಸ್‌ನಲ್ಲಿ ಬ್ಯಾಕಪ್‌ಗೆಂದೇ ಒಂದು ಬೇರೆ ಬಳಕೆದಾರ ಖಾತೆ ತೆರೆಯಿರಿ. ಆ ಒಂದು ಫೋಲ್ಡರ್ ಬಿಟ್ಟು ಬೇರೆ ಯಾವುದೂ ಅದಕ್ಕೆ ಕಾಣಬಾರದು. ನ್ಯಾಸ್‌ನ ಅಡ್ಮಿನ್ ಪಾಸ್‌ವರ್ಡ್ ಲ್ಯಾಪ್‌ಟಾಪ್‌ನಲ್ಲಿ ಉಳಿಸಿಡಬೇಡಿ. ನಿಮ್ಮ ನ್ಯಾಸ್ ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡಲು ಬಿಟಿಆರ್‌ಎಫ್‌ಎಸ್ ಅಥವಾ ಜೆಡ್‌ಎಫ್‌ಎಸ್ ಅನ್ನುವ ಪದ್ಧತಿ ಬಳಸುತ್ತಿದ್ದರೆ ಆ ಫೋಲ್ಡರ್‌ಗೆ ದಿನಕ್ಕೊಂದು ಸ್ನ್ಯಾಪ್‌ಶಾಟ್ ಹಚ್ಚಿ. ಅದು ನ್ಯಾಸ್ ತಾನೇ ತೆಗೆದುಕೊಳ್ಳುವ ಚಿತ್ರ. ಅಡ್ಮಿನ್ ಪಾಸ್‌ವರ್ಡ್ ಇಲ್ಲದೆ ಲ್ಯಾಪ್‌ಟಾಪ್ ಅದನ್ನು ಮುಟ್ಟಲಾಗದು. ಇಡೀ ಸಂಗ್ರಹವನ್ನೇ ಯಾರಾದರೂ ಅಳಿಸಿದರೂ ನಿನ್ನೆಯ ಚಿತ್ರದಿಂದ ವಾಪಸ್ ತರಬಹುದು.

ಎಷ್ಟು ದಿನದ್ದು ಇಡಬೇಕು? ನಾನು ಇಡುವುದು ದಿನದ್ದು 7, ವಾರದ್ದು 5, ತಿಂಗಳದ್ದು 12. ನಿಮ್ಮಂಥ ಪ್ರಕರಣದಲ್ಲಿ ಆ ತಿಂಗಳ ಪ್ರತಿಗಳೇ ಬೆಲೆಬಾಳುವುದು, ಏಕೆಂದರೆ ಫೈಲ್ ಹಾಳಾದದ್ದು ಗೊತ್ತಾಗಲು ವಾರಗಟ್ಟಲೆ ಹಿಡಿಯುತ್ತದೆ. ರೆಸ್ಟಿಕ್‌ನಲ್ಲಿ ಮರೆ (forget) ಅಂತ ಹೇಳಿದರೆ ಹಳೆಯ ಪ್ರತಿ ಪಟ್ಟಿಯಿಂದ ಮಾತ್ರ ಹೋಗುತ್ತದೆ. ಜಾಗ ಖಾಲಿಯಾಗಲು ಕತ್ತರಿಸು (prune) ಅಂತ ಬೇರೆ ಆದೇಶ ಇದೆ. ಅದನ್ನು ವಾರಕ್ಕೊಮ್ಮೆ ಓಡಿಸಿದರೆ ಸಾಕು.

ನ್ಯಾಸ್ ಮನೆಯಲ್ಲೇ ಇದೆ, ಲ್ಯಾಪ್‌ಟಾಪೂ ಮನೆಯಲ್ಲೇ. ಬೆಂಕಿಗೋ ಕಳ್ಳತನಕ್ಕೋ ಎರಡೂ ಒಟ್ಟಿಗೆ ಹೋಗಬಹುದು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯ ಹೊರಗೆ ಅನ್ನುವ ಸೂತ್ರ ಛಾಯಾಗ್ರಾಹಕ ಪೀಟರ್ ಕ್ರೋಗ್ ಅವರದ್ದು. ಒಂದು ಯುಎಸ್‌ಬಿ ಡಿಸ್ಕ್‌ಗೆ ತಿಂಗಳಿಗೊಮ್ಮೆ ಸಂಗ್ರಹವನ್ನು ಕಾಪಿ ಮಾಡಿ ನಂಬಿಕಸ್ಥರ ಮನೆಯಲ್ಲಿಡಿ. ಹೇಗೂ ಬೀಗ ಹಾಕಿದ ಡೇಟಾ, ಯಾರ ಕೈಯಲ್ಲಿದ್ದರೂ ಓದಲಾಗದು.

ಕೊನೆಯದಾಗಿ, ವಾಪಸ್ ತೆಗೆದು ನೋಡಿ. ಮೂರು ತಿಂಗಳಿಗೊಮ್ಮೆ ಒಂದು ಹಳೆಯ ಫೋಟೋ, ಒಂದು ಲೆಕ್ಕದ ಫೈಲ್, ಹೋದ ವಾರ ಅಳಿಸಿದ ಏನಾದರೊಂದನ್ನು ಬೇರೆ ಫೋಲ್ಡರ್‌ಗೆ ತೆಗೆಯಿರಿ. ಬಂತು ಅಂತ ಬಿಡಬೇಡಿ, ತೆರೆದು ನೋಡಿ. ವರ್ಷಕ್ಕೊಮ್ಮೆ ಇದನ್ನು ಬೇರೆ ಕಂಪ್ಯೂಟರ್‌ನಲ್ಲಿ ಮಾಡಿ, ಕೈಯಲ್ಲಿ ಆ ಕಾಗದದ ಪಾಸ್‌ವರ್ಡ್ ಮಾತ್ರ ಹಿಡಿದು. ಬರೆಯುವಾಗ ಒಂದು ಅಕ್ಷರ ತಪ್ಪಿದ್ದರೆ ಆಗಲೇ ಗೊತ್ತಾಗುತ್ತದೆ. ಸಂಗ್ರಹದ ತುಂಡುಗಳನ್ನೇ ಓದಿ ಪರೀಕ್ಷಿಸುವ ಆದೇಶವೂ ರೆಸ್ಟಿಕ್‌ಗೆ ಇದೆ. ಒಂದು ಸಲಕ್ಕೆ ಹತ್ತನೇ ಒಂದು ಭಾಗದಂತೆ ಓದಿಸಿದರೆ ನ್ಯಾಸ್‌ಗೆ ಭಾರವಾಗುವುದಿಲ್ಲ.

ಆ ಲೆಕ್ಕದ ಫೈಲ್ ಬಗ್ಗೆ: ಇನ್ನೂ ಕೈಬಿಡಬೇಡಿ. ನ್ಯಾಸ್‌ನ ಸೆಟ್ಟಿಂಗ್‌ನಲ್ಲಿ ಸ್ನ್ಯಾಪ್‌ಶಾಟ್ ಮೊದಲೇ ಆನ್ ಆಗಿತ್ತಾ ನೋಡಿ. ಲ್ಯಾಪ್‌ಟಾಪ್‌ನಲ್ಲಿ ಆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಹಿಂದಿನ ಆವೃತ್ತಿಗಳು ಅನ್ನುವ ಜಾಗದಲ್ಲಿ ಏನಾದರೂ ಇದೆಯಾ ನೋಡಿ. ಯಾರಿಗಾದರೂ ಅದನ್ನು ಮೇಲ್‌ನಲ್ಲಿ ಕಳಿಸಿದ್ದರೆ ಕಳಿಸಿದ ಪತ್ರಗಳಲ್ಲಿ ಪ್ರತಿ ಇರುತ್ತದೆ. ಮತ್ತೆ, ನೀವು ಕೈಯಾರೆ ಮಾಡಿಟ್ಟ ಆ 500 ಜಿಬಿಯ ಹಳೆಯ ಪ್ರತಿಯನ್ನು ಸದ್ಯಕ್ಕೆ ಮುಟ್ಟಬೇಡಿ. ಹೊಸದರಿಂದ ಒಂದು ಸಲ ಫೈಲ್ ವಾಪಸ್ ತೆಗೆದು, ತೆರೆದು ನೋಡಿದ ಮೇಲೆ ಅಳಿಸಿದರಾಯಿತು.